ಗುಲ್‌ಮೊಹರ್ ಅರಳಿದ್ದ ಎಳ್ಳಮಾವಾಸ್ಯೆ

ಗುಲ್ಬರ್ಗಾದಿಂದ ಹೊರಟ ರೈಲು ಸೊಲ್ಲಾಪುರ ದಾಟುವವರೆಗೆ ನಮ್ಮ ಬೋಗಿಯಲ್ಲಿ ಕೇಳುತ್ತಿದ್ದದ್ದು ಕನ್ನಡ. ಕುರ್ಡುವಾಡಿಯಲ್ಲಿ ಚಹಾದವನು ಹತ್ತುವ ಹೊತ್ತಿಗೆ ಅದೇ ಜನ ಮರಾಠಿಗೆ ಹೊರಳಿದ್ದರು. ಫೆಬ್ರವರಿಯ ಮೊದಲ ವಾರ, ಕಿಟಕಿಯಾಚೆ ಕಬ್ಬು, ಆಮೇಲೆ ಬೋಳು ನೆಲ, ಮತ್ತೆ ಕಬ್ಬು.

ನಮ್ಮ ಊರಿನ ಚಿತ್ರಕೂಟ ತಿಂಗಳಿಗೊಮ್ಮೆ ಗ್ರಂಥಾಲಯದ ಮಹಡಿಯಲ್ಲಿ ಸಾಕ್ಷ್ಯಚಿತ್ರ ತೋರಿಸುತ್ತದೆ. ಪುಣೆಯ ಉತ್ಸವದಲ್ಲಿ ಮೂರು ದಿನ ಕುಳಿತು ಹೊಸ ಚಿತ್ರಗಳನ್ನು ನೋಡುವುದು, ನಮ್ಮಲ್ಲಿ ತೋರಿಸಲು ಯೋಗ್ಯವಾದವನ್ನು ಆರಿಸಿ ವಿಸಿಡಿ ತರುವುದು, ಮನೆಯಲ್ಲೇ ನೋಡಬಯಸುವವರಿಗಾಗಿ ಈ ಪತ್ರಿಕೆಯಲ್ಲಿ ನಾಲ್ಕು ಮಾತು ಬರೆಯುವುದು ನನಗೆ ವಹಿಸಿದ ಕೆಲಸ. ಯಾವ ಚಿತ್ರವನ್ನೂ ನಾನು ಸುಲಭಕ್ಕೆ ನಂಬುವುದಿಲ್ಲ ಎಂಬುದೇ ನನ್ನನ್ನು ಕಳಿಸಲು ಕಾರಣವಾಗಿತ್ತು.

ಇಳಿದುಕೊಂಡದ್ದು ಬಿಬವೇವಾಡಿಯಲ್ಲಿ, ಕಾಕಾನ ಮನೆಯಲ್ಲಿ. ಕಾಕಾ ಬೆಲ್ಲದ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತ. ನಾನು ಬಂದ ಕೆಲಸ ಕೇಳಿ, ಊಟದ ತಟ್ಟೆಯಿಂದ ತಲೆ ಎತ್ತದೆ ಹೇಳಿದರು: "ಹಾಡಿಲ್ಲ, ಫೈಟಿಲ್ಲ, ಹೀರೋನೂ ಇಲ್ಲ. ಇಂಥಾ ಸಿನಿಮಾ ನೋಡ್ಲಿಕ್ಕೆ ಪುಣೆತನಕ ಬಂದ್ಯಾ? ನಮ್ಮ ಓಣ್ಯಾಗ ದಿನಾ ಪುಕ್ಕಟ ನಡೀತದಲ್ಲವಾ." ಅವರ ಹೆಂಡತಿ ಕಾಕು, ಗಂಡನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ ಬಾಯಿ ಮುಚ್ಚಿಸಿದರು.

ಉತ್ಸವ ನಡೆದದ್ದು ಹಳೆಯ ಕಾಲೇಜೊಂದರ ಸಭಾಂಗಣದಲ್ಲಿ. ಮೂರು ದಿನದ ಪಾಸಿಗೆ ನೂರೈವತ್ತು ರೂಪಾಯಿ. ಬೆಳಿಗ್ಗೆ ಸ್ವೆಟರ್ ಬೇಕೆನಿಸುವ ಚಳಿ, ಮಧ್ಯಾಹ್ನ ಬಾಗಿಲು ತೆರೆದರೆ ಕಣ್ಣು ಕುಕ್ಕುವ ಬಿಸಿಲು. ಹೊರಗಿನ ಗಾಡಿಯಲ್ಲಿ ಪೋಹೆ, ಗಾಜಿನ ಲೋಟದಲ್ಲಿ ಅರ್ಧ ಚಹಾ.

ಮೊದಲ ದಿನ ನೋಡಿದವುಗಳಲ್ಲಿ ಎರಡನ್ನು ಧೈರ್ಯವಾಗಿ ಹೇಳಬಲ್ಲೆ. ಒಂದು, ಮಳೆಗಾಲದಲ್ಲಿ ಘಟ್ಟದ ಹಳಿಗಳನ್ನು ನಡೆದು ಪರೀಕ್ಷಿಸುವ ರೈಲ್ವೆ ನೌಕರನ ಕುರಿತದ್ದು. ಆತ ಮುಂದೆ ಹೋಗುತ್ತಾನೆ, ಕ್ಯಾಮೆರಾ ಹಿಂದೆ ಬೀಳುತ್ತದೆ, ಹಿಡಿದವನ ಏದುಸಿರು ಕೇಳುತ್ತದೆ. ಆ ಏದುಸಿರಿಗಾಗಿ ಚಿತ್ರವನ್ನು ನಂಬಿದೆ. ಇನ್ನೊಂದು, ತಂಬೂರಿಗೆ ಬೇಕಾದ ದೊಡ್ಡ ಸೋರೆಕಾಯಿ ಬೆಳೆಯುವವರದ್ದು. ಅದರಲ್ಲಿ ಹಿನ್ನೆಲೆ ಸಂಗೀತ ತುಸು ಹೆಚ್ಚು. ಸಂಗೀತ ಹೆಚ್ಚಾದಲ್ಲಿ ಏನನ್ನೋ ಮುಚ್ಚಿದ್ದಾರೆ ಎಂದು ನನಗೆ ಅನಿಸುತ್ತದೆ. ಆದರೂ ಕಾಯಿ ಒಣಗಿಸುವ ಭಾಗಕ್ಕಾಗಿ ನೋಡಬೇಕು. ಎರಡೂ ಮನೆಯ ಟಿವಿಯಲ್ಲಿ ಕೆಡುವುದಿಲ್ಲ.

ಎರಡನೆಯ ದಿನದ ಮಧ್ಯಾಹ್ನ ಬಂದದ್ದು ಎಲ್ಲರೂ ಕಾಯುತ್ತಿದ್ದ ಚಿತ್ರ. ನಮ್ಮ ಕಡೆಯಿಂದ ಪುಣೆಗೆ ಹೋಗಿ ಕಟ್ಟಡದ ಕೆಲಸ ಮಾಡುವ ಗಂಡ ಹೆಂಡತಿಯ ಕಥೆ. ಮಾತೆಲ್ಲ ಕನ್ನಡ, ಅದೂ ನಮ್ಮ ಊರಿನ ಕನ್ನಡ. ಅರೆಬರೆ ಎದ್ದ ಕಂಬಗಳ ನಡುವೆ ಗಂಡ ಕೂಗು ಹಾಕುತ್ತ ಎಳ್ಳಮಾವಾಸ್ಯೆಯ ಚರಗ ಚೆಲ್ಲುತ್ತಾನೆ, ಹೆಂಡತಿ ಹಿಂದಿನಿಂದ ಚೊಂಬಿನ ನೀರು ಚಿಮುಕಿಸುತ್ತ ಬರುತ್ತಾಳೆ. ಬೆಳೆದು ನಿಂತ ಹೊಲದಲ್ಲಿ ಭೂಮಿತಾಯಿಗೆ ಎಡೆಯನ್ನು ಎರಚುವ ನಮ್ಮ ಪದ್ಧತಿ, ಅಲ್ಲಿ ಜಲ್ಲಿಕಲ್ಲಿನ ಮೇಲೆ ನಡೆಯಿತು. ತೆರೆಯ ಮೇಲೆ ಒಂದು ಸಾಲು ಮೂಡಿತು: ಈ ದಂಪತಿ ಊರಿಗೆ ಹೋಗಿ ಆರು ವರ್ಷವಾಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನಾನು ಏಳಲಿಲ್ಲ. ಎಳ್ಳಮಾವಾಸ್ಯೆ ಬರುವುದು ಗಡಗಡ ಚಳಿಯಲ್ಲಿ. ಆ ಹೆಂಗಸಿನ ಹಿಂದೆ, ಬೇಸಿಗೆಯಲ್ಲಿ ಹೂಬಿಡುವ ಗುಲ್‌ಮೊಹರ್ ಮರವೊಂದು ಎಲೆ ಕಾಣದ ಹಾಗೆ ಕೆಂಪಗೆ ಅರಳಿತ್ತು.

ಪ್ರಶ್ನೋತ್ತರದ ಹೊತ್ತಿನಲ್ಲಿ ಕೈ ಎತ್ತಲು ನನ್ನಿಂದ ಆಗಲಿಲ್ಲ. ತುಂಬಿದ ಸಭೆಯಲ್ಲಿ ಎದ್ದು ಮಾತಾಡುವುದು ನನಗೆ ಎಂದೂ ಒಗ್ಗಿದ್ದಲ್ಲ. ಚಹಾದ ಗಾಡಿಯ ಬಳಿ ನಿರ್ದೇಶಕರನ್ನು ಹಿಡಿದು, ಆ ದೃಶ್ಯ ಯಾವಾಗ ತೆಗೆದಿರಿ ಎಂದು ಹಿಂದಿಯಲ್ಲಿ ಕೇಳಿದೆ. ಹಬ್ಬದ ದಿನವೇ ಎಂದರು. ಉತ್ತರ ನನ್ನ ಪ್ರಶ್ನೆ ಮುಗಿಯುವ ಮೊದಲೇ ಬಂದಿತ್ತು. ನಾನು ಗುಲ್ಬರ್ಗಾದವಳೆಂದು ತಿಳಿದು ಅವರಿಗೆ ಬಹಳ ಸಂತೋಷವಾಯಿತು. ಇದನ್ನು ಆ ಕಡೆಯ ಹಳ್ಳಿಹಳ್ಳಿಯಲ್ಲೂ ತೋರಿಸಬೇಕೆಂಬುದು ತಮ್ಮ ಆಸೆ ಎಂದು ಹೇಳಿ, ವಿಸಿಡಿಯೊಂದನ್ನು ಕೈಗಿತ್ತರು. ದಂಪತಿ ಈಗ ಹಡಪಸರದಲ್ಲಿ ಎಲ್ಲಿದ್ದಾರೆಂದೂ ಹೇಳಿದರು.

ಮೂರನೆಯ ದಿನ ಬೆಳಗಿನ ಚಿತ್ರಗಳನ್ನು ಬಿಟ್ಟು ಹಡಪಸರದ ಬಸ್ಸು ಹತ್ತಿದೆ. ಟ್ರಕ್ಕುಗಳ ಸಾಲಿನಲ್ಲಿ ಸಿಕ್ಕಿ, ಒಂದು ಗಂಟೆಯ ದಾರಿಗೆ ಎರಡು ಗಂಟೆ ಹಿಡಿಯಿತು. ಹೊಸ ಆಫೀಸುಗಳ ಗಾಜಿನ ಗೋಡೆ ದಾಟಿದ ಮೇಲೆ ತಗಡಿನ ಶೆಡ್ಡುಗಳ ಸಾಲು. ಹೆಸರು ಹೇಳುತ್ತಲೇ ಅಲ್ಲಿಯವರು ಚಿತ್ರದ ಹೆಂಗಸು ಶರಣಮ್ಮನನ್ನು ತೋರಿಸಿದರು. ತೆರೆಯ ಮೇಲೆ ಕಂಡದ್ದಕ್ಕಿಂತ ಚಿಕ್ಕ ವಯಸ್ಸಿನವಳು. ತಲೆಯ ಮೇಲಿನ ಸಿಂಬಿ ತೆಗೆದು ಕೊಡವುತ್ತ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

ಸುತ್ತು ಬಳಸದೆ ನಾನು ಕೇಳಿಯೇಬಿಟ್ಟೆ: ಎಳ್ಳಮಾವಾಸ್ಯೆಗೆ ಊರಿಗೆ ಹೋಗುತ್ತೀರೋ, ಇಲ್ಲವೋ?

ಆಕೆಯ ಮುಖ ಬಿಗಿಯಾಯಿತು. "ಯಾರ್ ಕಳಿಸ್ಯಾರ್ರಿ ನಿಮಗ?"

ಯಾರೂ ಕಳಿಸಿಲ್ಲ ಎಂದೆ. ನಂಬಲಿಲ್ಲ. "ನಮ್ಮ ಮೈದುನ ಕಳಿಸ್ಯಾನ. ನಮ್ಮ ಕಡೀ ಮಾತು, ಕೈಯಾಗ ಪೆನ್ನು, ಬಂದಾಕೀನೇ ಹೊಲದ ಹಬ್ಬದ ಮಾತು. ವಕೀಲರ ಕಡೆಯವ್ರೇನು?" ಎಂದಳು. ಇಷ್ಟು ದಿನ ನಾನು ಚಿತ್ರಗಳನ್ನು ನೋಡಿದ ಹಾಗೆಯೇ ಆಕೆ ನನ್ನನ್ನು ನೋಡುತ್ತಿದ್ದಳು. ಉತ್ಸವದ ಪಾಸು ತೋರಿಸಿದೆ. ಅದರಿಂದ ಏನೂ ಆಗಲಿಲ್ಲ. ಗುಲ್ಬರ್ಗಾದಲ್ಲಿ ಯಾವ ಓಣಿ, ಅಪ್ಪನ ಹೆಸರೇನು, ಅವ್ವನ ತವರು ಯಾವುದು ಎಂದು ಒಂದೊಂದೇ ಕೇಳಿ ತೂಗಿ ನೋಡಿದಳು. ಅವ್ವನ ತವರು ತನ್ನೂರಿನ ದಿಕ್ಕಿಗಿಲ್ಲ ಎಂದು ಖಾತ್ರಿಯಾದ ಮೇಲೆ ಕೂಡಲು ಚೀಲ ಹಾಸಿದಳು.

ಅವಳ ಗಂಡ ಭೀಮಶಾನಿಗೂ ಅವನ ತಮ್ಮನಿಗೂ ಹೊಲದ ಪಾಲಿನ ಜಗಳ. ಇವರು ಊರು ಬಿಟ್ಟರು, ಇನ್ನು ಇವರಿಗೆ ಹೊಲದ ಹಕ್ಕಿಲ್ಲ ಎಂಬುದು ತಮ್ಮನ ವಾದ. ಪಂಚರು ಇನ್ನೂ ತೀರ್ಮಾನ ಹೇಳಿರಲಿಲ್ಲ. ಅದಕ್ಕಾಗಿಯೇ ಗಂಡ ಹೆಂಡತಿ ಪ್ರತಿ ವರ್ಷ, ಕೂಲಿ ಹೋದರೂ ಸರಿ, ಎಳ್ಳಮಾವಾಸ್ಯೆಗೆ ಊರಿಗೆ ಹೋಗಿ ತಮ್ಮ ಭಾಗದಲ್ಲಿ ಚರಗ ಚೆಲ್ಲಿ ಬರುತ್ತಾರೆ. ಅದು ಇಡೀ ಊರಿನ ಕಣ್ಣಿಗೆ ಬೀಳುತ್ತದೆ.

"ಹಂಗಾರ ಸಿನಿಮಾದಾಗಿಂದು?" ಎಂದೆ.

ಶರಣಮ್ಮ ಮೊದಲ ಸಲ ನಕ್ಕಳು. "ಉರಿ ಬಿಸಲಾಗ ಬಂದಿದ್ದರ್ರಿ ಸಿನಿಮಾದವ್ರು. ಊರಿಂದು ಏನ್ ನೆನಪಾಗ್ತದ ಅಂತ ಕೇಳಿದ್ರು, ಹೇಳಿದೆ. ಮಾಡಿ ತೋರಸ್ರಿ ಅಂದ್ರು. ಮಾಡಿ ತೋರಸಿದ್ವಿ. ಚರಗಕ್ಕ ಮಾಡಿದ್ದ ಭಜ್ಜಿಪಲ್ಯ ಮಧ್ಯಾಹ್ನಕ್ಕೇ ಹಳಸಿ ಹೋತು." ಚಿತ್ರವನ್ನು ಹೊರದೇಶದಲ್ಲಿ ತೋರಿಸುತ್ತೇವೆ ಎಂದಿದ್ದರಂತೆ. ಆರು ವರ್ಷ ಎಂದು ಬರೆದದ್ದನ್ನು ನಾನು ಹೇಳಿದಾಗ ಅವಳ ನಗು ನಿಂತಿತು.

"ಊರಿಗೆ ಹೋಗೂದಿಲ್ಲಂತ ನಾವು ಅಂದೇ ಇಲ್ರಿ. ಇದು ನಮ್ಮ ಮೈದುನ ನೋಡಿದ್ರ ಮುಗೀತು. ನೋಡ್ರಿ, ಪುಣೇದಾಗ ಚರಗ ಚೆಲ್ಲೋರಿಗಿ ಇಲ್ಲೇನ ಪಾಲು ಅಂತ ಪಂಚರ ಮುಂದ ಟಿವಿ ತಂದು ಇಡ್ತಾನ." ನನ್ನ ಚೀಲದ ಕಡೆ ನೋಡಿ ಕೇಳಿದಳು: "ನಿಮ್ಮ ಚೀಲದಾಗ ಅದ ಏನ್ರಿ ಆ ಸಿನಿಮಾ?"

ಇತ್ತು. ತೆಗೆದು ತೋರಿಸಿದೆ. ಆಕೆ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ ವಾಪಸು ಕೊಟ್ಟಳು. ಅಷ್ಟರಲ್ಲಿ ಬಂದ ಭೀಮಶಾನ ಹತ್ತಿರ ನಮ್ಮ ಮನೆಯ ಫೋನ್ ನಂಬರನ್ನು ಬರೆಸಿಕೊಂಡಳು.

ಸಂಜೆ ನಿರ್ದೇಶಕರನ್ನು ಮತ್ತೆ ಕಂಡೆ. ಮರದ ಮಾತೆತ್ತಿದ ಮೇಲೆ ಅವರು ವಾದ ಮಾಡಲಿಲ್ಲ. ಆ ಸಾಲು ಇಲ್ಲದಿದ್ದರೆ ನೋಡುವವರ ಮನಸ್ಸಿಗೆ ತಟ್ಟುತ್ತಿರಲಿಲ್ಲ, ಊರಿನಿಂದ ಅವರ ಅಗಲಿಕೆಯಂತೂ ಸುಳ್ಳಲ್ಲವಲ್ಲ ಎಂದರು. ಸಾಲು ತೆಗೆಯುತ್ತೀರಾ ಎಂದೆ. ಪ್ರತಿಗಳು ಆಗಲೇ ಹೊರಬಿದ್ದಿವೆ ಎಂದರು. ಅವರ ವಿಸಿಡಿಯನ್ನು ಮೇಜಿನ ಮೇಲಿಟ್ಟು ಬಂದೆ.

ಮರುದಿನದ ರೈಲಿನಲ್ಲಿ ನನ್ನ ಚೀಲದಲ್ಲಿದ್ದದ್ದು ಎರಡೇ ಚಿತ್ರ. ಹಡಪಸರದ ಕಡೆ ಹಿಂತಿರುಗಿ ನೋಡಿದೆ, ಅರ್ಧ ಕಟ್ಟಿದ ಮಹಡಿಗಳು ಸಾಲಾಗಿ ಹಿಂದೆ ಸರಿದವು. ಊರಿನಲ್ಲಿ ಎಲ್ಲರೂ ಕೇಳಿದ್ದು ಮೂರನೆಯದನ್ನೇ. ಪುಣೆಯ ಚಪ್ಪಾಳೆಯ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಚಳಿಗಾಲದ ಹಬ್ಬದಲ್ಲಿ ಗುಲ್‌ಮೊಹರ್ ಅರಳಿದೆ, ಚಿತ್ರ ನಂಬುವಂಥದ್ದಲ್ಲ ಎಂದಷ್ಟೇ ಹೇಳಿದೆ. ಈ ಪ್ರವಾಸದ ಬಗ್ಗೆ ಬರೆಯದೆ ಉಳಿದೆ. ಆಮೇಲೆ ಬಹಳ ದಿನ, ಸಿಡಿ ಅಂಗಡಿಯ ಮುಂದೆ ಹಾದಾಗಲೆಲ್ಲ ಆ ಚಿತ್ರ ಇಲ್ಲಿಗೂ ಬಂದಿದೆಯೇ ಎಂದು ಒಳಗೆ ಹೋಗಿ ವಿಸಿಡಿಗಳ ಹೊದಿಕೆಗಳನ್ನು ತಿರುವಿ ನೋಡಿದೆ. ಅಂಗಡಿಯವನಿಗೆ ನನ್ನ ಮೇಲೆ ಅನುಮಾನ ಬಂದಿರಬೇಕು.

ಹೋದ ಎಳ್ಳಮಾವಾಸ್ಯೆಯ ಮರುವಾರ ಫೋನ್ ಬಂತು. ಹಿಂದೆ ಟ್ರಕ್ಕುಗಳ ಸದ್ದು.

"ಅಕ್ಕೋರ, ಪಾಲಾತ್ರಿ. ಹೊಲ ಇವ್ರ ಹೆಸರಿಗಿ ಬಂತು. ಇನ್ನ ತೋರಸ್ರಿ ನಿಮ್ಮ ಸಿನಿಮಾ, ನಮ್ಮ ಮೈದುನನೂ ನೋಡ್ಲಿ." ಆಮೇಲೆ ದನಿ ಸ್ವಲ್ಪ ಗಟ್ಟಿ ಮಾಡಿ ಹೇಳಿದಳು: "ಆದ್ರ ಆ ಆರು ವರ್ಷಂತ ಬರೋ ಮುಂದ, ನೀವು ಎದ್ದ್ ನಿಂತು ಇದು ಸುಳ್ಳು ಅಂತ ಹೇಳ್ಬೇಕ್ ನೋಡ್ರಿ. ಎಲ್ಲಾರಿಗೂ ಕೇಳಂಗ."

ಹೀಗಾಗಿ ಆ ಚಿತ್ರವನ್ನೂ ಈಗ ಓದುಗರಿಗೆ ಹೇಳುತ್ತಿದ್ದೇನೆ. ನೋಡಿ. ಇಬ್ಬರೂ ನಡೆಯುವ ರೀತಿ, ಅವನು ಕೂಗುವ ಕೂಗು, ಅವಳ ಕೈಯಿಂದ ನೀರು ಬೀಳುವ ರೀತಿ ಎಲ್ಲವೂ ಅಪ್ಪಟ ನಮ್ಮವು. ಹಿಂದಿನ ಮರವನ್ನೂ ನೋಡಿ. ಕಳೆದ ತಿಂಗಳು ನಿರ್ದೇಶಕರಿಂದ ಮತ್ತೆ ವಿಸಿಡಿ ತರಿಸಿ, ಗ್ರಂಥಾಲಯದ ಮಹಡಿಯಲ್ಲಿ ಅದನ್ನು ತೋರಿಸಿದೆವು. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಕಂಬಗಳ ನಡುವೆ ಚರಗ ಮುಗಿಯಿತು, ತೆರೆಯ ಮೇಲೆ ಆ ಸಾಲು ಮೂಡಿತು. ಕತ್ತಲಲ್ಲಿ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು ನಾನು ಎದ್ದು ನಿಂತೆ.