ಅತ್ತೆಯ ಉಸಿರು, ಹೆಂಡತಿಯ ವಿಜ್ಞಾನ

ಇವತ್ತು ಬೆಳಿಗ್ಗೆ ನಾವಿರುವ ಊರು ಬಾಸ್ಕಿಂಗ್ ರಿಡ್ಜಿನ ಔಷಧದ ಅಂಗಡಿಯಲ್ಲಿ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಎಂಬತ್ತು ದಾಟಿರಬಹುದಾದ ಒಬ್ಬ ಅಜ್ಜ. ಕೌಂಟರಿನ ಹುಡುಗಿ ಬೂದು ಬಣ್ಣದ ಇನ್‌ಹೇಲರ್ ಒಂದನ್ನು ತೆಗೆದು, ಅದನ್ನು ಬಾಯಿಗಿಟ್ಟುಕೊಳ್ಳುವುದು ಹೇಗೆಂದು ಅವರಿಗೆ ತೋರಿಸುತ್ತಿದ್ದಳು. "ಜೋರಾಗಿ ಎಳೆಯುವುದೇನೂ ಬೇಡ, ಮಾಮೂಲಿನಂತೆ ಉಸಿರಾಡಿದರೆ ಸಾಕು" ಅಂದಳು. ಆ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಎದೆ ಉಬ್ಬಿತು. 'ಸ್ವಾಮಿ, ಇದನ್ನು ಮಾಡಿದವಳು ನನ್ನ ಹೆಂಡತಿ' ಎಂದು ಅಜ್ಜನ ಭುಜ ತಟ್ಟಿ ಹೇಳುವ ಆಸೆಯಾಯಿತು. ಹೇಳಲಿಲ್ಲ. ಗುರುತಿಲ್ಲದವರ ಭುಜ ತಟ್ಟಿದರೆ ಈ ದೇಶದಲ್ಲಿ ಏನಾಗುತ್ತದೆಂದು ಇಪ್ಪತ್ತೈದು ವರ್ಷವಾದರೂ ನನಗೆ ಖಚಿತವಾಗಿಲ್ಲ. ಅದಕ್ಕೇ ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

'ಮಾಡಿದವಳು' ಅಂದರೆ ಶೈಲಾ ಒಪ್ಪುವುದಿಲ್ಲ. ದೊಡ್ಡ ದಂಡೇ ಸೇರಿ ಮಾಡಿದ್ದು ಅನ್ನುತ್ತಾಳೆ. ಅವಳು ಗದಗಿನವಳು. ಅವಳ ಅವ್ವ ಅಲ್ಲಿಯ ಅರಳೆ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಹತ್ತಿಯ ದೂಳು ಕುಡಿದು ಕೆಮ್ಮು ಕಟ್ಟಿಕೊಂಡವರು. ಮಗಳು ಶ್ವಾಸಕೋಶದ ವಿಜ್ಞಾನಿಯಾದಳು. ಇಷ್ಟು ಸಲೀಸಾದ ಕಥೆ ಸಿಕ್ಕರೆ ನಾನಾಗಿದ್ದರೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಅವಳನ್ನು ಕೇಳಿ ನೋಡಿ: "ಮಾರ್ಕ್ಸ್ ಬಂದಿದ್ವು, ಸೀಟ್ ಸಿಕ್ತು" ಅಂದು ಮುಗಿಸುತ್ತಾಳೆ.

ನಾನು ಮೈಸೂರಿನವನು, ಜರ್ಸಿ ಸಿಟಿಯ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ. ಮದುವೆಯಾದ ಹೊಸದರಲ್ಲಿ ನನಗೆ ಇನ್ನೊಂದು ಕೆಲಸವೂ ಇತ್ತು, ಅವಳ ಪ್ರಯೋಗಕ್ಕೆ ಇಲಿಯಾಗುವುದು. ಮನೆಗೆ ಬಂದು ಶೂ ಬಿಚ್ಚುವ ಮೊದಲೇ ಬಾಯಿಗೆ ಒಂದು ಕೊಳವೆ. "ಊದ್ರಿ... ಇನ್ನೂ ಊದ್ರಿ... ಇನ್ನೂ ಐತ್ರಿ ಒಳಗ, ಸುಳ್ಳ ಹೇಳಬ್ಯಾಡ್ರಿ." ಕಣ್ಣು ಕತ್ತಲೆ ಬರುವವರೆಗೆ ಊದುತ್ತಿದ್ದೆ. ನನ್ನ ಶ್ವಾಸಕೋಶದ ಗ್ರಾಫು ಫ್ರಿಜ್ಜಿನ ಬಾಗಿಲ ಮೇಲೆ ಸಾಮಾನಿನ ಪಟ್ಟಿಯ ಪಕ್ಕ ತೂಗುತ್ತಿತ್ತು. "ವಯಸ್ಸಿಗೆ ತಕ್ಕಂಗ ಐತ್ರಿ" ಎನ್ನುವುದು ನನಗೆ ಅವಳಿಂದ ಸಿಕ್ಕ ಅತಿ ದೊಡ್ಡ ಹೊಗಳಿಕೆ.

ಹದಿನೆಂಟು ವರ್ಷದ ಹಿಂದೆ ಅವಳ ಕಂಪನಿಯವರು ಹೊಸ ಇನ್‌ಹೇಲರ್ ಒಂದನ್ನು ಹೊರತರುವ ಸನ್ನಾಹದಲ್ಲಿದ್ದರು. ಒಳಗೆ ಪುಡಿ ಔಷಧ. ರೋಗಿ ಜೋರಾಗಿ ಉಸಿರೆಳೆದರೆ ಅದು ಎದೆಗಿಳಿಯುತ್ತದೆ. ಪರೀಕ್ಷೆಗಳೆಲ್ಲ ಚೆನ್ನಾಗಿ ಆಗಿದ್ದವು. ಆ ಬೇಸಿಗೆಯಲ್ಲಿ ಅತ್ತೆ ನಮ್ಮಲ್ಲಿಗೆ ಬಂದಿದ್ದರು. ಶೈಲಾ ಒಂದು ದಿನ ಬರೀ ಸಕ್ಕರೆ ಪುಡಿಯಂಥದ್ದೇನೋ ತುಂಬಿದ ಇನ್‌ಹೇಲರ್ ಅನ್ನು ಅವ್ವನ ಕೈಗೆ ಕೊಟ್ಟಳು. ಅತ್ತೆ ಮೂರು ಸಲ ಎಳೆದರು. ಪುಡಿ ಇದ್ದಲ್ಲೇ ಇತ್ತು.

"ಜೋರ ಎಳಿಬೇ ಅವ್ವ."

ಅತ್ತೆ ಅದನ್ನು ಮೇಜಿನ ಮೇಲಿಟ್ಟು ಸುಧಾರಿಸಿಕೊಂಡರು. "ಅಷ್ಟ ಜೋರ ಎಳ್ಯಾಕ ಉಸಿರಿದ್ದಿದ್ರ, ಈ ಔಷಧ ನನಗ್ಯಾಕ ಬೇಕಿತ್ತ ಯವ್ವಾ?"

ನಾನು ನಕ್ಕೆ. ಶೈಲಾ ನಗಲಿಲ್ಲ. ಆಮೇಲೆ ನಾಲ್ಕಾರು ಶನಿವಾರ, ಉಸಿರೆಳೆಯುವ ಬಲ ಅಳೆಯುವ ಒಂದು ಮೀಟರ್ ಹಿಡಿದುಕೊಂಡು, ಹಿರಿಯರು ಸೇರುವ ಹಾಲ್‌ಗಳಿಗೆ ಹೋಗಿ ಬಂದಳು. ದಮ್ಮಿನವರಲ್ಲಿ ಹೆಚ್ಚಿನವರಿಗೆ ಬೇಕಾದಷ್ಟು ಎಳೆಯಲು ಆಗುತ್ತಿರಲಿಲ್ಲ. ಕಂಪನಿಯವರು ಪರೀಕ್ಷೆಗೆ ಕರೆದಿದ್ದವರು ಅಷ್ಟೇನೂ ಕಾಯಿಲೆಯಿಲ್ಲದ, ಗಟ್ಟಿಮುಟ್ಟಾದವರು.

ಆಗ ನಮ್ಮ ವೀಸಾ, ಗ್ರೀನ್ ಕಾರ್ಡಿನ ಅರ್ಜಿ ಎರಡೂ ಅವಳ ಕಂಪನಿಯ ಕೈಯಲ್ಲಿದ್ದವು. ಕೆಲಸ ಹೋದರೆ ಗಂಟುಮೂಟೆ ಕಟ್ಟುವುದೊಂದೇ ದಾರಿ. ನಾನು ಅಂದೆ, "ಈಗ ಸುಮ್ಮನಿರು ಶೈಲಾ. ಗ್ರೀನ್ ಕಾರ್ಡ್ ಬರಲಿ, ಆಮೇಲೆ ಹೇಳುವಿಯಂತೆ."

"ಆಮ್ಯಾಲಂದ್ರ ಅದು ಅಂಗಡ್ಯಾಗ ಇರ್ತೈತ್ರಿ" ಅಂದಳು.

ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿಯೇಬಿಟ್ಟಳು. ಅವ್ವನ ಮಾತನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳಿದಳಂತೆ. ಅವಳ ಬಾಸ್, ಒಳ್ಳೆಯ ಮನುಷ್ಯನೇ, "ನಿನ್ನ ತಾಯಿ ನಮ್ಮ ಪರೀಕ್ಷೆಯಲ್ಲಿ ಇಲ್ಲವಲ್ಲ" ಎಂದನಂತೆ. "ತೊಂದರೆ ಇರುವುದೇ ಅಲ್ಲಿ. ಅವರಂಥವರು ಒಬ್ಬರೂ ಇಲ್ಲ" ಎಂದಳಂತೆ ಇವಳು.

ಮರುವಾರ ಅವಳನ್ನು ಆ ಕೆಲಸದಿಂದ ತೆಗೆದು, ಹಳೆಯ ವರದಿಗಳನ್ನು ಜೋಡಿಸಿಡುವ ಕೋಣೆಗೆ ಹಾಕಿದರು. ಏಳು ತಿಂಗಳು. ಅಂಚೆ ಡಬ್ಬಿಯಲ್ಲಿ ಉದ್ದನೆಯ ಲಕೋಟೆ ಕಂಡರೆ, ವೀಸಾದವರದ್ದೇ ಇರಬೇಕೆಂದು ಅಲ್ಲೇ ನಿಂತು ಹರಿದು ನೋಡುತ್ತಿದ್ದೆ. ಅವಳು ಮಾತ್ರ ಊಟದ ಡಬ್ಬಿ ಕಟ್ಟಿಕೊಂಡು ಸಮಯಕ್ಕೆ ಸರಿಯಾಗಿ ಹೋಗುತ್ತಿದ್ದಳು, ಬರುತ್ತಿದ್ದಳು. ನಮಗೆ ಗೊತ್ತಿಲ್ಲದ್ದು ಏನೆಂದರೆ, ಆ ಬಾಸ್ ಸದ್ದಿಲ್ಲದೆ ನಿಜವಾದ ದಮ್ಮಿನ ರೋಗಿಗಳನ್ನು ಕರೆಸಿ ಮತ್ತೊಮ್ಮೆ ಪರೀಕ್ಷೆ ಮಾಡಿಸುತ್ತಿದ್ದ. ಫಲಿತಾಂಶ ಬಂದ ದಿನ ತಾನೇ ಆ ಕೋಣೆಗೆ ಇಳಿದು ಬಂದು, "ನನ್ನದು ತಪ್ಪಾಯಿತು ಎಂದು ನಿನ್ನ ತಾಯಿಗೆ ತಿಳಿಸು" ಎಂದ. ಅತ್ತೆಗೆ ಫೋನಿನಲ್ಲಿ ಹೇಳಿದೆವು. ಅವರು "ಪಾಪ, ಅಂವನ್ನ ಒಂದಿನ ಊಟಕ್ಕ ಕರೀರಿ" ಅಂದರು. ಕರೆದೆವು. ನನ್ನ ಹೆಂಡತಿಯ ರೊಟ್ಟಿ, ಶೇಂಗಾ ಚಟ್ನಿ ತಿಂದು ಬೆವೆತು ಹೋದ.

ಕಂಪನಿಯವರು ಆ ಇನ್‌ಹೇಲರ್ ಹೊರತರುವುದನ್ನು ನಿಲ್ಲಿಸಿದರು. ಪುಡಿಯನ್ನು ತಾನೇ ಮುಂದಕ್ಕೆ ನೂಕುವ ಸಣ್ಣ ಸ್ಪ್ರಿಂಗ್ ಇಟ್ಟು, ಹೊಸದಾಗಿ ಕಟ್ಟಿದರು. ಆ ತಂಡಕ್ಕೆ ಶೈಲಾಳೇ ಮುಖ್ಯಸ್ಥೆ. ಅತ್ತೆ ತಮ್ಮ ಕೊನೆಯ ನಾಲ್ಕು ವರ್ಷ ಅದನ್ನು ಬಳಸಿದರು. ಮೊದಲ ದಿನ ಅವರ ತೀರ್ಪು: "ಈಗ ಬಂತ ನೋಡು."

ಇದನ್ನೆಲ್ಲ ಇಷ್ಟು ವರ್ಷ ಸಿಕ್ಕವರಿಗೆಲ್ಲ ಹೇಳಿದ್ದೇನೆ, ನಾನು ಸುಮ್ಮನಿರು ಎಂದದ್ದೊಂದನ್ನು ಬಿಟ್ಟು. ನಿಮಗೆ ಅದನ್ನೂ ಹೇಳಿಬಿಟ್ಟೆ. ಹೇಳಿದ ಮೇಲೆ ಅವಳ ಮುಂದೆಯೂ ತಪ್ಪೊಪ್ಪಿಕೊಳ್ಳದಿದ್ದರೆ ಆಗದು ಅನ್ನಿಸಿತು. ಇಷ್ಟು ಬರೆದು ಅಲ್ಲಿಗೇ ಬಿಟ್ಟು ಎದ್ದೆ. ಇವತ್ತು ಸಂಜೆ ಲ್ಯಾಬಿನಿಂದ ಅವಳನ್ನು ಕರೆದುಕೊಂಡು ಬರುವಾಗ, ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಬಾಯಿಬಿಟ್ಟೆ. "ಅವತ್ತು ನಾನು ನಿನ್ನನ್ನು ಸುಮ್ಮನಿರು ಅಂದದ್ದು ತಪ್ಪು."

"ತಪ್ಪಲ್ರೀ, ಹೆದರಿಕಿ" ಅಂದಳು ಶೈಲಾ. "ನನಗೂ ಇತ್ತು. ಮೀಟಿಂಗಿಗೆ ಮೊದಲ ರೆಸ್ಟ್‌ರೂಮಿನ್ಯಾಗ ಹತ್ತು ನಿಮಿಷ ನಿಂತಿದ್ದೆ. ಕೈಯಾಗಿನ ಕಾಗದ ಎರಡ ಸಲ ಕೆಳಗ ಬಿದ್ದಿತ್ತು. ನಿಮಗ ಹೇಳಿರಲಿಲ್ಲ ಅಷ್ಟ."

ಇಷ್ಟು ವರ್ಷ ನಾನು ಹೆದರಿಕೆಯೇ ಗೊತ್ತಿಲ್ಲದ ಹೆಂಗಸಿನ ಗಂಡನೆಂದು ಬೀಗುತ್ತಿದ್ದೆ. ಅವಳ ಕಡೆ ತಿರುಗಿ ನೋಡಿದೆ. ಹಿಂದಿನ ಕಾರಿನವನು ಹಾರ್ನ್ ಹಾಕಿದಾಗಲೇ ದೀಪ ಹಸಿರಾಗಿದೆಯೆಂದು ನನಗೆ ಗೊತ್ತಾದದ್ದು.