ಅವಳ ಪರವಾಗಿ ನಾನಾಡಬೇಕಿದ್ದ ಮಾತು

ಗುಲಾಬಿ ತನ್ನ ಮನೆಯನ್ನು ಬಿಟ್ಟುಕೊಡಲು ಒಪ್ಪಿರಲಿಲ್ಲ. ಒಪ್ಪಿದ್ದಾಳೆಂದು ನ್ಯಾಯಾಧೀಶರಿಗೆ ಹೇಳಿದವಳು ನಾನು. ಅದು ಸುಳ್ಳೆಂದು ಆ ಕೋಣೆಯಲ್ಲಿ ಬಲ್ಲವರು ಇಬ್ಬರೇ — ನಾನು, ಮತ್ತು ಆ ಮನೆಯನ್ನು ಪಡೆದುಕೊಂಡ ಅವಳ ಅಣ್ಣ.

ಇದನ್ನು ಮೊದಲೇ ಬರೆದುಬಿಟ್ಟೆ. ತಡಮಾಡಿದರೆ ನಾನು ಮಾಡಿದ ಒಳ್ಳೆಯ ಕೆಲಸಗಳನ್ನು ಹೇಳಲು ಶುರುಮಾಡುತ್ತೇನೆ. ನನ್ನ ಸ್ವಭಾವ ನನಗೆ ಗೊತ್ತು.

ನರಸಿಂಹರಾಜಪುರದಲ್ಲಿ ಹಿರಿಯ ನರ್ಸಾಗಿ ನಿವೃತ್ತಳಾದವಳು ನಾನು. ಡಾಕ್ಟರು ಬರುವ ಮೊದಲು ಹಾಸಿಗೆಗಳು ಸುಕ್ಕಿಲ್ಲದಂತಿರಬೇಕು, ಜ್ವರ ನೋಡಿ ಬರೆದಿಟ್ಟಿರಬೇಕು, ನೆಂಟರು ಹೊರಗಿರಬೇಕು. ಬಾಕಿ ಉಳಿದ ಕೆಲಸವೆಂದರೆ ನನ್ನ ಕಣ್ಣಿಗೆ ಕಸವೇ. ನಿವೃತ್ತಿಯ ನಂತರ ಕೊಪ್ಪದಲ್ಲಿ ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಸಮಿತಿಯವರು ಕರೆದರು, ಹೋದೆ. ಅಲ್ಲಿಯೂ ಅದೇ ಶಿಸ್ತು ತಂದೆ. ಕುರ್ಚಿಗಳು ಸಾಲಾದವು, ಕಡತಗಳು ಕಪಾಟು ಸೇರಿದವು. ಎಲ್ಲರೂ ಮೆಚ್ಚಿದರು.

ಗುಡ್ಡ ಹತ್ತಿದರೆ ಮಾತ್ರ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದ ವರ್ಷಗಳವು. ಕಮ್ಮರಡಿಯ ಶಾಲೆಯ ಜಗಲಿಯಲ್ಲಿ ಒಂದು ಶಿಬಿರ ಮಾಡಿದ್ದೆವು. ವಕೀಲರಿಗೆ ಕೊಡಲು ಕೈಯಲ್ಲಿ ಏನೂ ಇಲ್ಲದವರಿಗೂ ವಕೀಲರು ಸಿಗುತ್ತಾರೆ, ಕೋರ್ಟಿನ ಖರ್ಚೂ ಇಲ್ಲ ಎಂದು ನಾನು ಹೇಳುತ್ತಿದ್ದೆ. ಹಿಂದೆ ಕೂತಿದ್ದ ಒಬ್ಬ ಮುದುಕ, "ಪುಕ್ಸಟ್ಟೆ ವಕೀಲ್ರು ಅಂದ್ರೆ ನಿಮ್ಮ ಆಸ್ಪತ್ರೆ ಮಾತ್ರೆ ಥರವಾ ನರ್ಸಮ್ಮ? ಹೊಟ್ಟೆನೋವಿಗೂ ಅದೇ, ಕಾಲುನೋವಿಗೂ ಅದೇ?" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಜನ ಕರಗಿದ ಮೇಲೆ ಒಬ್ಬ ಹೆಂಗಸು ನನ್ನ ಹಿಂದೆಯೇ ಬಂದಳು. ಅವಳೇ ಗುಲಾಬಿ. ಗಂಡ ಬಿಟ್ಟುಹೋದ ಮೇಲೆ ಪುಟ್ಟ ಮಗಳೊಂದಿಗೆ ತವರಿಗೆ ಬಂದವಳು, ಊರಿನ ತೋಟಗಳಲ್ಲಿ ಕೂಲಿ ಮಾಡುವವಳು. ಅಪ್ಪ ಕಟ್ಟಿದ ಮನೆಯ ಹಿಂದಿನ ಕೋಣೆಯಲ್ಲಿ ಬೇರೆ ಒಲೆ ಹೂಡಿಕೊಂಡಿದ್ದಳು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಶೇಷಪ್ಪ ಅವಳನ್ನು ಹೊರಹಾಕಲು ನೋಡುತ್ತಿದ್ದ.

"ಅಪ್ಪನ ಮನೇಲಿ ನಿನಗೂ ಪಾಲಿದೆ ಮಾರಾಯ್ತಿ. ಕೇಸು ಹಾಕುವ" ಎಂದೆ.

"ಹಾಕಿದ್ರೆ ಅವನ ಎದುರಿಗೆ ನಿಂತು ಮಾತಾಡ್ಬೇಕಾ?"

"ಆಡ್ಬೇಕು. ಎಂತ, ಹೆದರಿಕೆಯಾ?"

"ಹೆದರಿಕೆ ಅಲ್ಲ ನರ್ಸಮ್ಮ. ಆಣೆ ಇದೆ."

ಒಂದು ಜಗಳದಲ್ಲಿ ಶೇಷಪ್ಪ ಘಟ್ಟದ ಕೆಳಗಿನ ದೇವರ ಹೆಸರು ಹಿಡಿದು ಹೇಳಿದ್ದನಂತೆ — ಮನೆಯ ಸುದ್ದಿಗೆ ನೀನು ನನ್ನೆದುರು ಬಾಯಿಬಿಟ್ಟರೆ ನಿನ್ನ ಮಗಳ ಮೇಲೆ ಆಣೆ ಎಂದು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಹಾಗೆ ಹಾಕಿದ ಆಣೆಯನ್ನು ಇಬ್ಬರೂ ಕೂಡಿ ದೇವರ ಮುಂದೆ ತಪ್ಪುಕಾಣಿಕೆಯಿಟ್ಟು ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಅದು ಕಟ್ಟು. ತನ್ನೊಂದಿಗೆ ಆಣೆಯಾಗಿದ್ದ ಅಕ್ಕ ತಂದ ಗಂಜಿಯನ್ನು ಮುಟ್ಟದೆ ಹಸಿದು ಮಲಗಿದ ಬಾಣಂತಿಯನ್ನು ನನ್ನ ವಾರ್ಡಿನಲ್ಲೇ ಕಂಡಿದ್ದೇನೆ. ಬೈದಿದ್ದೇನೆ. ಅವಳು ಮುಟ್ಟಲಿಲ್ಲ.

"ನನ್ನ ಬದಲು ನೀವು ಹೇಳ್ತೀರಾ?" ಎಂದಳು ಗುಲಾಬಿ.

"ಹೇಳ್ತೀನಿ" ಎಂದೆ. ಆ ಒಂದು ಮಾತಿನ ಬಲದ ಮೇಲೆಯೇ ಅವಳು ಕೇಸು ಹಾಕಿದ್ದು.

ಸಮಿತಿಯಿಂದ ಅವಳಿಗೊಬ್ಬ ಯುವ ವಕೀಲರು ಸಿಕ್ಕರು. ಶ್ರದ್ಧೆಯ ಹುಡುಗ. ಕೆಲವು ತಿಂಗಳ ನಂತರ ಪ್ರಕರಣ ಲೋಕ ಅದಾಲತ್ತಿಗೆ ಬಂತು — ಎರಡೂ ಕಡೆಯವರನ್ನು ಕೂರಿಸಿ ರಾಜಿಯಲ್ಲಿ ಮುಗಿಸುವ ಕಲಾಪ ಅದು. ಅಲ್ಲಿ ಆದ ರಾಜಿಯ ಮೇಲೆ ಅಪೀಲು ಇಲ್ಲ. ಪೀಠದಲ್ಲಿ ನ್ಯಾಯಾಧೀಶರ ಪಕ್ಕ ಸಮಾಜ ಸೇವಕಿಯಾಗಿ ನಾನೂ ಕೂರುತ್ತಿದ್ದೆ. ಊರಿನ ರೀತಿನೀತಿ ಬಲ್ಲವರೊಬ್ಬರು ಇರಲಿ ಎಂಬುದೇ ಅದರ ಉದ್ದೇಶ. ಅಂದು ವಕೀಲರಿಗೆ ಶೃಂಗೇರಿಯಲ್ಲಿ ಬೇರೆ ಕೆಲಸವಿತ್ತು. "ನೀವಿರ್ತೀರಲ್ಲ ಅಮ್ಮ, ನನಗೆ ಧೈರ್ಯ. ಆ ಕೋಣೆ ಅವಳಿಗೆ ಉಳಿಯದಿದ್ರೆ ರಾಜಿ ಬೇಡ" ಎಂದು ಹೇಳಿ ಹೋಗಿದ್ದರು.

ಅಂದು ಜನ ಬಹಳ. ಮಧ್ಯಾಹ್ನದ ಊಟ ದಾಟಿತ್ತು. ಹೊರಗೆ ಇನ್ನೂ ಸಾಲು. ನನಗೆ ಒಳಗೊಳಗೇ ಕಿರಿಕಿರಿ.

ಶೇಷಪ್ಪ ತನ್ನ ವಕೀಲರೊಂದಿಗೆ ಬಂದು ಕೈಮುಗಿದು ನಿಂತ. "ತಂಗಿಗೆ ಅನ್ನ ಹಾಕಬೇಡ ಅಂತ ಯಾರು ಹೇಳ್ತಾರೆ ಸ್ವಾಮಿ? ಮನೆ ನನ್ನ ಹೆಸರಿಗಿರ್ಲಿ. ಅವಳ ಹುಡ್ಗಿ ಮದುವೆಗೆ ಕೈಲಾದ್ದು ಮಾಡ್ತೆ" ಎಂದ. ಅದನ್ನೇ ಕೋರ್ಟಿನ ಕನ್ನಡದಲ್ಲಿ ಬರೆದು, ಗದ್ದಲದ ನಡುವೆ ಓದಿದರು. ಅವಳು ಮನೆಯ ಹಕ್ಕು ಬಿಡುವುದು ಮಾತ್ರ ಅದರಲ್ಲಿ ಗಟ್ಟಿಯಾಗಿತ್ತು, ಮಿಕ್ಕದ್ದೆಲ್ಲ 'ಕೈಲಾದದ್ದು'.

ಇದಕ್ಕೆ ಒಪ್ಪಿಗೆಯೇ ಎಂದು ನ್ಯಾಯಾಧೀಶರು ಅವಳನ್ನು ಕೇಳಿದರು. ಅವಳು ಬಾಯಿ ತೆರೆಯಲಿಲ್ಲ. ಮತ್ತೆ ಕೇಳಿದರು. ಅವಳು ನನ್ನ ಮುಖ ನೋಡಿದಳು.

ಆಗ ನಾನು ಹೇಳಬೇಕಿತ್ತು — ಸರ್, ಇವಳು ಇವನೆದುರು ಮಾತಾಡುವಂತಿಲ್ಲ, ಇವನನ್ನು ಸ್ವಲ್ಪ ಹೊರಗೆ ಕಳಿಸಿ ಎಂದು. ಅಷ್ಟೇ. ಒಂದು ಉಸಿರಿನ ಮಾತು. ಆದರೆ ಆ ನ್ಯಾಯಾಧೀಶರು ಬಯಲುಸೀಮೆಯವರು, ಚೆನ್ನಾಗಿ ಓದಿಕೊಂಡವರು. ಎಲ್ಲರೆದುರು 'ಆಣೆ' ಎಂದರೆ ನಕ್ಕಾರು ಎನಿಸಿತು. ವಿಜ್ಞಾನ ಕಲಿತ ನರ್ಸು ಇಂಥದ್ದನ್ನೆಲ್ಲ ನಂಬುತ್ತಾಳೆಯೇ ಎಂದುಕೊಂಡಾರು ಎನಿಸಿತು. ನಂಬುತ್ತಿರಲಿಲ್ಲ, ನಿಜ. ಆದರೆ ನಾನು ನಂಬುತ್ತೇನೋ ಇಲ್ಲವೋ ಎಂದು ಅಲ್ಲಿ ಯಾರು ಕೇಳಿದ್ದರು?

"ಸುಮ್ಮನಿದ್ದಾರಲ್ಲ. ಒಪ್ಪಿಗೆ ಇದೆ ಅಂತ ತಗೊಳ್ಳೋಣವಾ ಮೇಡಂ? ನೀವು ಈ ಕಡೆಯವರು, ನಿಮಗೆ ಗೊತ್ತಾಗುತ್ತೆ" ಎಂದು ಅವರು ತಗ್ಗಿದ ದನಿಯಲ್ಲಿ ಕೇಳಿದರು.

"ಒಪ್ಪಿಗೆ ಇದೆ ಸರ್" ಎಂದೆ.

ಗುಲಾಬಿಗೆ ಅದು ಕೇಳಿಸಲಿಲ್ಲ. ನಾನು ನ್ಯಾಯಾಧೀಶರ ಕಡೆ ಬಾಗಿ ಏನೋ ಹೇಳಿದ್ದು ಮಾತ್ರ ಕಂಡಿತು. ತನ್ನ ಪರವಾಗಿ ಆಡಿದೆನೆಂದು ತಿಳಿದಳು — ಅವಳ ಮುಖ ಅರಳಿತು, ಅದನ್ನು ನೋಡಿದೆ, ನೋಡಿಯೂ… ಹೆಬ್ಬೆಟ್ಟು ಒತ್ತುವ ಜಾಗವನ್ನು ತೋರಿಸಿದವಳೂ ನಾನೇ. ಒತ್ತಿ, ನನಗೆ ಕೈಮುಗಿದು ಹೋದಳು. ನಾನು ಮುಂದಿನವರನ್ನು ಕರೆಸಿದೆ.

ಸಂಜೆ ವಕೀಲರು ಶೃಂಗೇರಿಯಿಂದ ಬಂದು, "ಅವಳೇ ಒಪ್ಪಿದ್ಲಾ ಅಮ್ಮ?" ಎಂದು ಎರಡು ಸಲ ಕೇಳಿದರು. ಎರಡು ಸಲವೂ ಹೌದೆಂದೆ.

ಮಳೆಗಾಲಕ್ಕೆ ಮೊದಲೇ ಶೇಷಪ್ಪ ಹಿಂದಿನ ಕೋಣೆಗೆ ಬೀಗ ಹಾಕಿದ. ಗುಲಾಬಿ ಮಗಳನ್ನು ಕರೆದುಕೊಂಡು ಸಮಿತಿಗೆ ಬಂದಳು. ನಾನು ಅಲ್ಲೇ ಕಪಾಟಿನ ಬಳಿ ಇದ್ದೆ. ವಕೀಲರು ಕಾಗದ ಓದಿ ತಲೆಯ ಮೇಲೆ ಕೈಹೊತ್ತರು. "ತಿಳೀದೆ ಹೆಬ್ಬೆಟ್ಟು ಹಾಕಿದ್ಲು ಅಂತ ಅಲ್ಲಿದ್ದವರು ಯಾರಾದ್ರೂ ಪ್ರಮಾಣ ಮಾಡಿ ಹೇಳಿದ್ರೆ, ಅಪೀಲು ಇಲ್ಲದಿದ್ರೂ ಮೋಸ ಆಗಿದೆ ಅಂತ ಹೈಕೋರ್ಟಿಗೆ ಹೋಗಬಹುದಿತ್ತು. ಯಾರು ಹೇಳ್ತಾರೆ?" ಎಂದರು. ನನ್ನನ್ನು ಕೇಳಿದ್ದಲ್ಲ, ತಮ್ಮಷ್ಟಕ್ಕೆ ಅಂದುಕೊಂಡದ್ದು. ನನ್ನ ಮೇಲೆ ಯಾವ ಆಣೆಯೂ ಇರಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಆ ಕೆಲಸದಲ್ಲಿ ಮತ್ತೆ ವರ್ಷಗಳನ್ನು ಕಳೆದೆ. ಶಾಲು ಹೊದಿಸಿದರು, ಹೊದ್ದುಕೊಂಡೆ. ಶಿಬಿರಗಳಲ್ಲಿ ಅದೇ ಮಾತು ಆಡಿದೆ: ಧೈರ್ಯವಾಗಿ ಬನ್ನಿ, ನಿಮ್ಮ ಪರವಾಗಿ ಮಾತಾಡುವವರಿದ್ದಾರೆ. ಆ ಮಾತು ಸುಳ್ಳಲ್ಲ. ಎಷ್ಟೋ ಮನೆಗಳು ಅದರಿಂದ ಉಳಿದಿವೆ. ಆ ನೆರವು ಇರಬೇಕು, ಬೆಳೆಯಬೇಕು. ಹಾಗಿದ್ದೂ, ಅದನ್ನು ನಂಬಿ ಬಂದವಳ ಮನೆ ನನ್ನ ಕೈಯಿಂದಲೇ…

ಈ ವರ್ಷ ಅವಳನ್ನು ಹುಡುಕಿಕೊಂಡು ಹೋದೆ. ನರಸಿಂಹರಾಜಪುರದ ಕಡೆಯ ಒಂದು ಕಾಫಿತೋಟದ ಕೂಲಿ ಲೈನಿನ ಸಾಲುಮನೆಯೊಂದರಲ್ಲಿದ್ದಳು. ನನ್ನನ್ನು ಕಂಡದ್ದೇ ಸೆರಗಿನಿಂದ ಸ್ಟೂಲು ಒರೆಸಿದಳು. ನಾನು ಬಾಯಿ ತೆರೆಯುವ ಮೊದಲು ಅವಳೇ ಶುರುಮಾಡಿದಳು.

"ನಿಮ್ಮ ಮುಖ ನೋಡೂಕೇ ನಾಚಿಕೆ ಆಗ್ತದೆ ನರ್ಸಮ್ಮ. ನೀವು ಅಷ್ಟು ಹೇಳಿಯೂ ನಾನೇ ಹಾಳು ಮಾಡ್ದೆ. ಅವತ್ತು ಕೋರ್ಟಲ್ಲಿ ದೊಡ್ಡವರು ಮೊದ್ಲು ಹೆಸರು ಕೇಳ್ದಾಗ ಗುಲಾಬಿ ಅಂದ್ಬಿಟ್ಟೆ. ಅವನು ಅಲ್ಲೇ ನಿಂತಿದ್ದ. ಅವನೆದುರು ಬಾಯಿಬಿಟ್ಟ ಹಾಗಾಯ್ತಲ್ಲ? ಅದಕ್ಕೇ ಮನೆ ಹೋಯ್ತು. ಹುಡ್ಗಿಗೆ ಫಿಟ್ಸ್ ಬರೂದೂ ಅದಕ್ಕೇ."

ಇಷ್ಟು ವರ್ಷ ಅವಳು ಹೊತ್ತದ್ದು ಇದನ್ನು. ನಾನು ಹೊರಬೇಕಾಗಿದ್ದದ್ದನ್ನು.

ಹೇಳಿದೆ. ಎಲ್ಲವನ್ನೂ, ನಡೆದ ಕ್ರಮದಲ್ಲೇ ಹೇಳಿದೆ. ಹುಡುಗಿಯ ಕಾಯಿಲೆಗೆ ಔಷಧವಿದೆ, ಅದು ಯಾರ ಆಣೆಯಿಂದಲೂ ಬಂದದ್ದಲ್ಲ ಎಂದೂ ಹೇಳಿದೆ. ಗುಲಾಬಿ ಅಳಲಿಲ್ಲ, ಬೈಯಲಿಲ್ಲ. "ಹಂಗಾರೆ ನನ್ನಿಂದ ಎಂತ ತಪ್ಪೂ ಆಗ್ಲಿಲ್ವಾ?" ಎಂದಳು.

"ಇಲ್ಲ."

"ಇದನ್ನ ಅವನ ಎದುರಿಗೆ ಹೇಳ್ತೀರಾ?"

"ಹೇಳ್ತೀನಿ."

ಅವಳು ನನ್ನನ್ನು ನೋಡಿದಳು. ಎದ್ದು ಒಳಗೆ ಹೋದಳು.

ನಡೆದದ್ದನ್ನೆಲ್ಲ ಬರೆದು ಕೋರ್ಟಿಗೆ ಕೊಡುವ ಪ್ರಮಾಣಪತ್ರಕ್ಕೆ ಸಹಿ ಮಾಡಿದ್ದೇನೆ. ಇಷ್ಟು ತಡವಾಗಿ ಹೈಕೋರ್ಟಿನಲ್ಲಿ ಅದು ನಿಲ್ಲುವುದು ಕಷ್ಟ ಎನ್ನುತ್ತಾರೆ ವಕೀಲರು. ಈಗ ಅವರು ನನ್ನನ್ನು ಅಮ್ಮ ಎನ್ನುವುದಿಲ್ಲ. ಮುಂದಿನ ವಾರ ಕಮ್ಮರಡಿಗೆ ಹೋಗಿ ಶೇಷಪ್ಪನ ಅಂಗಳದಲ್ಲಿ, ನೆರೆಯವರೆಲ್ಲ ಕೇಳುವಂತೆ, ಇದನ್ನೇ ಹೇಳುತ್ತೇನೆ. ಗುಲಾಬಿ ಬರುವುದಿಲ್ಲವೆಂದು ಹೇಳಿಕಳಿಸಿದ್ದಾಳೆ. ಬಾ ಎಂದು ಕರೆಯುವ ಹಕ್ಕು ನನಗೆ ಉಳಿದಿಲ್ಲ.