ಕಾಲುವೆ ದಂಡೆಯ ದೇವಿ

ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಶಾಂತವ್ವನ ಮೈಮೇಲೆ ಅಂದು ದೇವಿ ಬಂದಿರಲಿಲ್ಲ. ಆರು ವರ್ಷದಿಂದ ಓಣಿಯೆಲ್ಲ ನಂಬಿರುವ ಆ ಸುಳ್ಳು ನನ್ನದು — ದಿನಾ ಎರಡು ಹೊತ್ತು ದೇವರಿಗೆ ದೀಪ ಹಚ್ಚುವ ನನ್ನದು.

ಶಾಂತವ್ವನ ತವರು ಕಾಲುವೆ ದಂಡೆಯ ಊರು. ಚಿಕ್ಕವಳಿದ್ದಾಗ ಅವಳ ಕಣ್ಣೆದುರೇ ತಂಗಿ ಕಾಲುವೆಯ ಪಾಲಾದಳು. ನಮ್ಮ ಯಲಬುರ್ಗಾಕ್ಕೆ ಸೊಸೆಯಾಗಿ ಬಂದಾಗ, "ಛಲೋ ಆತ್ರಿ ಅಕ್ಕ, ಇಲ್ಲಿ ನೀರು ಕೊಡದಾಗಷ್ಟ ಐತಿ" ಎಂದು ನಕ್ಕಿದ್ದಳು. ನಾನೂ ನಕ್ಕಿದ್ದೆ.

ಒಂದು ಮಧ್ಯಾಹ್ನ ಇಬ್ಬರೂ ಟಿವಿಯಲ್ಲಿ ಸಿನಿಮಾ ನೋಡಿದೆವು. ಹೊಳೆಯಲ್ಲಿ ತಾಯಿಯನ್ನು ಕಳೆದುಕೊಂಡ ನಾಯಕಿ ಅಂಜಿಕೆ ಬಂದಾಗಲೆಲ್ಲ ಮೋಡದ ಮೇಲಿನ ಅರಮನೆಗೆ ಹೋಗಿ ಹಾಡುತ್ತಾಳೆ. ಪ್ರತಿ ಸಲ ಹೊಸ ಸೀರೆ. ಕೊನೆಗೆ ನಾಯಕ ಅವಳನ್ನು ಅದೇ ಹೊಳೆಯ ಮುಂದೆ ಎಳೆದು ನಿಲ್ಲಿಸುತ್ತಾನೆ. ಒಮ್ಮೆ ಚೀರುತ್ತಾಳೆ, ವೀಣೆ ಕೇಳಿಸುತ್ತದೆ, ಅಂಜಿಕೆ ಮಾಯ. ಶಾಂತವ್ವ ಬೇಳೆ ಆರಿಸುತ್ತ ತಲೆ ಎತ್ತಲೇ ಇಲ್ಲ. ನಾನು ಮಾತ್ರ ಪೂರಾ ನಂಬಿದೆ.

ಮುಂದಿನ ಮಂಗಳವಾರವೇ ಅತ್ತೆಯನ್ನೂ ಅವಳನ್ನೂ ಹುಲಿಗಿಗೆ ದೇವಿ ದರ್ಶನಕ್ಕೆ ಹೊರಡಿಸಿದೆ. ಅತ್ತೆಯನ್ನು ಗುಡಿಯ ನೆರಳಲ್ಲಿ ಕೂರಿಸಿ, "ಬಾ, ಬಳಿ ಹಾಕಿಸ್ಕೊಂಡು ಬರೂಣು" ಎಂದು ಅವಳನ್ನು ಅಲ್ಲೇ ಹತ್ತಿರದ ಕಾಲುವೆಗೆ ಕರೆದೊಯ್ದೆ — ಆ ನಾಯಕನ ಹಾಗೆ. ವೀಣೆ ಕೇಳಿಸಲಿಲ್ಲ. ನೀರು ಕಂಡದ್ದೇ ಕುಸಿದಳು. ಮೈ ಗಡಗಡ, ಬಾಯಲ್ಲಿ ತಂಗಿಯ ಹೆಸರು. ಅವಳ ಸೆರಗು ನನ್ನ ಕೈಯಲ್ಲಿತ್ತು — ಅಷ್ಟಾದರೂ ತಾಯಿ ಕಾಯ್ದಳು. ಗದ್ದಲ ಕೇಳಿ ಅತ್ತೆ ಓಡಿ ಬಂದರು.

"ಏನಾತವಾ ಇಕಿಗೆ?"

ನಿಜ ಹೇಳಲು ಬಾಯಿ ಬರಲಿಲ್ಲ. "ಅತ್ತೀ, ದೇವಿ ಬಂದಾಳ್ರಿ" ಎಂದೆ.

ಅಂದಿನಿಂದ ಪ್ರತಿ ಮಂಗಳವಾರ ಓಣಿಯ ಹೆಂಗಸರು ಬಂದು ಅಕ್ಕಿ, ಕೊಬ್ಬರಿ ಹಾಕಿ ಶಾಂತವ್ವನಿಗೆ ಉಡಿ ತುಂಬುವುದು, ಕಾಲಿಗೆ ಬೀಳುವುದು, ಎಮ್ಮೆ ಯಾವಾಗ ಈಯುತ್ತದೆಂದು ಕೇಳುವುದು. ಅತ್ತೆ ಕೂಡ ಸೊಸೆಗೆ 'ರೀ' ಹಚ್ಚಿದರು. ಅವಳು ಸುಮ್ಮನೆ ನಗುತ್ತಿದ್ದಳು. ಇವಳಿಗೂ ಒಂದು ಅರಮನೆ ಸಿಕ್ಕಿತಲ್ಲ, ಎಂದುಕೊಂಡೆ. ಆದರೆ ದೇವಿಯನ್ನು, 'ನಿನಗೆ ಅಂಜಿಕೆಯೇ?' ಎಂದು ಯಾರು ಕೇಳುತ್ತಾರೆ?

ಮೊನ್ನೆ ರೊಟ್ಟಿ ಬಡಿಯುವಾಗ ಅವಳ ಮುಂದೆ ಎಲ್ಲ ಹೇಳಿಬಿಟ್ಟೆ.

"ನನ್ನ ಮೈಮ್ಯಾಲೆ ಯಾರ್ ಬಂದಿದ್ರಂತ ನನಗ ಗೊತ್ತಿಲ್ಲೇನ್ರಿ ಅಕ್ಕ?" ಎಂದಳು. "ಉಡಿ ಕೊಬ್ರಿ ಚಟ್ನಿ ನೀವೂ ತಿಂದೀರಿ."

ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಆಮೇಲೆ ಹಂಚನ್ನೇ ನೋಡುತ್ತ ಅಂದಳು: "ಖರೇ ಹೇಳಬೇಕಂದ್ರ, ಅಂಜಿಕಿ ಆತೇನಂತ ಒಬ್ರೂ ಕೇಳಲಿಲ್ರಿ."

ಕೇಳಿದೆ — ಆರು ವರ್ಷ ತಡವಾಗಿ. ತಂಗಿಯ ಲಂಗದ ಬಣ್ಣ, ಅವಳ ಹಟ, ಕೊನೆಗೆ ಏನೆಂದು ಕೂಗಿದಳು — ಹೇಳುತ್ತ ಹೋದಳು. ಎರಡು ರೊಟ್ಟಿ ಕರಕಾದವು, ಮೂರನೆಯದು ಉಳಿಯಿತು.

ನಾಳೆ ಮಂಗಳವಾರ. ಶಾಂತವ್ವ ಒಪ್ಪಿದ್ದಾಳೆ, ಕೊಬ್ಬರಿ ನಿಲ್ಲುತ್ತದಲ್ಲ ಎಂಬುದೊಂದೇ ಅವಳ ಚಿಂತೆಯಂತೆ. ಹೆಂಗಸರು ಬಂದು ಕೂತ ಮೇಲೆ ಅತ್ತೆಯ ಎದುರೇ ಹೇಳುತ್ತೇನೆ: ದೇವಿ ಬಂದಿರಲಿಲ್ಲ, ಶಾಂತವ್ವ ಅಂಜಿದ್ದಳು, ಅಲ್ಲಿಗೆ ಕರೆದೊಯ್ದವಳು ನಾನು.